ವಿದ್ಯೆ ಮತ್ತು ವೀಸಾ

(ಬಾನುಲಿ ಭಾಷಣದ ಬರಹರೂಪ)

ನಮ್ಮ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಇನ್ನೊಂದು. ‘ಪಾಪ, ಪರದೇಶಿ ಕೂಸು’ ಎಂದು ಹಳ್ಳಿಯ ಅಜ್ಜಿಯೊಬ್ಬಳು ಮರುಗಿದರೆ ಆ ಕೂಸು ಲಂಡನ್ನಿನಿಂದ ಬಂದದ್ದೆಂದು ಯಾರೂ ತಿಳಿಯುವುದಿಲ್ಲ. ಊರನ್ನು ಬಿಟ್ಟವನು ತನ್ನವರನ್ನೂ ಬಿಟ್ಟಂತೆ, ತನ್ನವರನ್ನು ಬಿಟ್ಟವನಿಗೆ ಆಸರೆಯಿಲ್ಲ ಎಂಬ ತಲೆಮಾರುಗಳ ಅನುಭವ ಈ ಒಂದು ಮಾತಿನಲ್ಲಿ ಹೆಪ್ಪುಗಟ್ಟಿದೆ.

ಆದರೂ ನಮ್ಮ ಮಕ್ಕಳು ಪರದೇಶಕ್ಕೆ ಹೋಗುತ್ತಿದ್ದಾರೆ, ಓದಲು ಹೋಗುತ್ತಿದ್ದಾರೆ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಹದಿನೈದು ವರ್ಷಗಳ ತರುವಾಯ ಆ ವರ್ಷ ಭಾರತವು ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದಿತು. ಹಿಂದೆ ದೊಡ್ಡ ನಗರಗಳ ದೊಡ್ಡ ಮನೆತನಗಳಿಗೆ ಮೀಸಲಾಗಿದ್ದ ಈ ಯಾತ್ರೆ ಇಂದು ತಾಲ್ಲೂಕು ಕೇಂದ್ರದ ಶಾಲಾ ಮಾಸ್ತರರ ಮನೆಯಿಂದಲೂ ಹೊರಡುತ್ತದೆ. ವಿಶ್ವವಿದ್ಯಾಲಯ ಸೀಟು ಕೊಟ್ಟಿತೆಂದರೆ ಅರ್ಧ ಕೆಲಸ ಮುಗಿದಂತೆ ಮಾತ್ರ. ಆ ಸೀಟಿಗೂ ಮೊದಲನೆಯ ತರಗತಿಗೂ ನಡುವೆ ಒಂದು ಬಾಗಿಲಿದೆ. ಅದರ ಹೆಸರು ವೀಸಾ. ಈ ಬಾಗಿಲು ಎಲ್ಲಿಂದ ಬಂತು, ಅದು ಏನನ್ನು ಕೇಳುತ್ತದೆ, ಅದು ಕೇಳುವ ಪ್ರಶ್ನೆಯನ್ನು ನಾವು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಭಾಷೆಯ ಮೇಷ್ಟರಾದ ನಮಗೆ ಯಾವ ವಿಷಯ ಸಿಕ್ಕರೂ ಶಬ್ದದಿಂದಲೇ ತೊಡಗುವ ಚಪಲ. ‘ವೀಸಾ’ ಎಂಬುದು ಲ್ಯಾಟಿನ್ ಮೂಲದ ಪದ. ‘ನೋಡಲಾದದ್ದು’ ಎಂದು ಅದರ ಅರ್ಥ. ಅಧಿಕಾರಿಯು ಕಾಗದವನ್ನು ನೋಡಿದ್ದಾನೆ ಎಂಬುದಕ್ಕೆ ಹಾಕಿದ ಗುರುತು. ಅದರ ಧಾತು ‘ನೋಡು’ ಎಂಬರ್ಥದ ‘ವಿದೇರೆ’. ಸಂಸ್ಕೃತದಲ್ಲಿ ‘ತಿಳಿ’ ಎಂಬರ್ಥದ ‘ವಿದ್’ ಧಾತುವಿಗೂ ಅದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಆ ‘ವಿದ್’ನಿಂದಲೇ ನಮ್ಮ ‘ವಿದ್ಯೆ’ ಹುಟ್ಟಿದ್ದು. ಹಾಗಾಗಿ ವಿದ್ಯೆ ಮತ್ತು ವೀಸಾ ದೂರದ ದಾಯಾದಿಗಳು. ದಾಯಾದಿಗಳ ನಡುವೆ ಇರುವಂಥ ಮನಸ್ತಾಪವೂ ಅವುಗಳ ನಡುವೆ ಇದೆ.

ಈ ಮನಸ್ತಾಪ ಹಳೆಯದು. ಏಳನೆಯ ಶತಮಾನದ ಮೊದಲರ್ಧದಲ್ಲಿ ಚೀನಾದಿಂದ ನಳಂದಕ್ಕೆ ಓದಲು ಬಂದ ಹ್ಯೂಯೆನ್‌ತ್ಸಾಂಗನನ್ನು ನಾವೆಲ್ಲ ಶಾಲೆಯ ಪುಸ್ತಕದಲ್ಲಿ ಕಂಡಿದ್ದೇವೆ. ಅವನು ತನ್ನ ದೊರೆಯ ಅಪ್ಪಣೆಯಿಲ್ಲದೆ ಹೊರಟವನು ಎಂಬುದನ್ನು ಮಾತ್ರ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಆಗ ಗಡಿ ದಾಟುವುದಕ್ಕೆ ನಿಷೇಧವಿತ್ತು. ಹಗಲು ಅಡಗಿ, ರಾತ್ರಿ ನಡೆದು, ಗಡಿಯ ಕಾವಲು ಗೋಪುರಗಳ ಬಳಿ ಬಾಣಗಳಿಂದ ತಪ್ಪಿಸಿಕೊಂಡು ಅವನು ಮರುಭೂಮಿಯನ್ನು ಹಾಯ್ದ. ನಳಂದದಲ್ಲಿ ಶೀಲಭದ್ರನ ಪಾದದಡಿ ಓದಿದ. ದಕ್ಷಿಣಕ್ಕೆ ಬಂದು ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಕಂಡ. ಮರಳುವಾಗ ಖೋತಾನಿನಿಂದ ಚಕ್ರವರ್ತಿಗೆ ಕಾಗದ ಬರೆದು, ಅಪ್ಪಣೆಯಿಲ್ಲದೆ ಹೋದುದಕ್ಕೆ ಕ್ಷಮೆ ಬೇಡಿದ. 645ರಲ್ಲಿ 657 ಗ್ರಂಥಗಳೊಡನೆ ರಾಜಧಾನಿಗೆ ಬಂದವನನ್ನು ಚಕ್ರವರ್ತಿ ಗೌರವದಿಂದಲೇ ಬರಮಾಡಿಕೊಂಡ.

ನಳಂದಕ್ಕೂ ಬಾಗಿಲಿತ್ತು. ಅಲ್ಲಿನ ವಾದಗೋಷ್ಠಿಗಳನ್ನು ಸೇರಬಯಸಿ ಬಂದ ಹೊರಗಿನವರಿಗೆ ದ್ವಾರಪಾಲನೇ ಕಠಿಣ ಪ್ರಶ್ನೆಗಳನ್ನು ಹಾಕುತ್ತಿದ್ದನೆಂದೂ ಹತ್ತರಲ್ಲಿ ಏಳೆಂಟು ಮಂದಿ ಉತ್ತರಿಸಲಾರದೆ ಹಿಂದಿರುಗುತ್ತಿದ್ದರೆಂದೂ ಅದೇ ಯಾತ್ರಿಕ ಬರೆದಿದ್ದಾನೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಳಂದದ ಬಾಗಿಲು ಕೇಳಿದ ಪ್ರಶ್ನೆ ‘ನಿನಗೇನು ಗೊತ್ತು?’ ಎಂಬುದು. ಓದಿದವನು ಅದಕ್ಕೆ ಉತ್ತರ ಕೊಡಬಲ್ಲ. ಇಂದಿನ ಬಾಗಿಲು ಕೇಳುವುದು ಬೇರೆಯದನ್ನು.

ಯುರೋಪಿನಲ್ಲಿ ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಫ್ರೆಡರಿಕ್ ಬಾರ್ಬರೋಸಾ ಎಂಬ ಚಕ್ರವರ್ತಿ ಒಂದು ಶಾಸನ ಹೊರಡಿಸಿದ. ‘ಹಾಬಿಟಾ’ ಎಂದು ಅದರ ಹೆಸರು. ವಿದ್ಯೆಗಾಗಿ ಊರು ಬಿಟ್ಟು ಬೊಲೊನ್ಯದಂಥ ಕೇಂದ್ರಗಳಿಗೆ ಬರುವವರು ನಿರ್ಭಯವಾಗಿ ಪಯಣಿಸಬಹುದು, ನೆಲಸಬಹುದು. ಅವರ ನಾಡಿನವನೊಬ್ಬ ಸಾಲ ತೀರಿಸದಿದ್ದರೆ ಅದಕ್ಕಾಗಿ ಈ ವಿದ್ಯಾರ್ಥಿಯನ್ನು ಹಿಡಿಯಕೂಡದು. ಅವನ ಮೇಲೆ ದೂರು ಬಂದರೆ ಗುರುವಿನ ಅಥವಾ ಬಿಷಪ್ಪನ ಮುಂದೆ ವಿಚಾರಣೆಯನ್ನು ಆರಿಸಿಕೊಳ್ಳುವ ಹಕ್ಕು ಅವನಿಗಿರಬೇಕು. ಇದು ಆ ಶಾಸನದ ಸಾರ. ವಿದ್ಯಾರ್ಥಿಯು ಪರದೇಶಿ, ಆದ್ದರಿಂದ ಅವನಿಗೆ ರಕ್ಷಣೆ ಬೇಕು ಎಂಬ ಭಾವ ಅದರಲ್ಲಿದೆ. ಏಳೆಂಟು ನೂರು ವರ್ಷಗಳ ತರುವಾಯ ಬಂದ ಕಾನೂನುಗಳಲ್ಲಿ ಈ ಭಾವ ತಿರುಗುಮುರುಗಾಯಿತು: ವಿದ್ಯಾರ್ಥಿಯು ಪರದೇಶಿ, ಆದ್ದರಿಂದ ಅವನಿಂದ ನಮಗೆ ರಕ್ಷಣೆ ಬೇಕು ಎಂದಾಯಿತು.

ಈ ತಿರುವು ಹೇಗೆ ಬಂತೆಂಬುದಕ್ಕೆ ಅಮೆರಿಕದ ಕಾನೂನುಗಳೇ ಒಳ್ಳೆಯ ನಿದರ್ಶನ. 1883ರಲ್ಲಿ ಆನಂದಿಬಾಯಿ ಜೋಶಿ ವೈದ್ಯಶಿಕ್ಷಣಕ್ಕಾಗಿ ಫಿಲಡೆಲ್ಫಿಯಕ್ಕೆ ಹೋದಾಗ ಇಂದಿನ ಅರ್ಥದ ವಿದ್ಯಾರ್ಥಿ ವೀಸಾ ಎಂಬುದೇ ಇರಲಿಲ್ಲ. ಆಕೆಯನ್ನು ತಡೆಯಹೊರಟವರು ಈಚೆಯ ದಡದವರು, ಸಮುದ್ರಯಾನ ನಿಷಿದ್ಧವೆಂದವರು. ಆದರೆ ಅದರ ಹಿಂದಿನ ವರ್ಷವೇ, 1882ರಲ್ಲಿ, ಚೀನೀ ಕೂಲಿಕಾರರನ್ನು ಹೊರಗಿಡುವ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದಿತ್ತು. ಚೀನೀ ವಿದ್ಯಾರ್ಥಿಗಳಿಗೆ ವಿನಾಯಿತಿಯಿತ್ತು. ಆದರೆ ತಾನು ಕೂಲಿಯವನಲ್ಲ ಎಂಬುದನ್ನು ಪ್ರಮಾಣಪತ್ರದಿಂದ ಸಾಧಿಸಬೇಕಾಗಿತ್ತು. 1917ರ ಕಾನೂನು ಏಷ್ಯಾದ ಬಹುಭಾಗಕ್ಕೆ, ಭಾರತವನ್ನೂ ಸೇರಿಸಿ, ಬೇಲಿ ಹಾಕಿತು. ಅಲ್ಲಿಯೂ ವಿದ್ಯಾರ್ಥಿಗೆ ಒಂದು ಕಿರುಬಾಗಿಲು ಉಳಿಯಿತು. 1924ರ ಕಾನೂನು ಆ ಕಿರುಬಾಗಿಲಿಗೆ ನಿಯಮಗಳನ್ನು ಬರೆಯಿತು. ವಿದ್ಯಾರ್ಥಿಗೆ ಕನಿಷ್ಠ ಹದಿನೈದು ವರ್ಷವಾಗಿರಬೇಕು; ಅವನು ಸೇರುವ ಸಂಸ್ಥೆ ಸರ್ಕಾರದ ಒಪ್ಪಿಗೆ ಪಡೆದಿರಬೇಕು; ಅವನು ಓದು ಬಿಟ್ಟರೆ ಸಂಸ್ಥೆಯೇ ಸರ್ಕಾರಕ್ಕೆ ತಿಳಿಸಬೇಕು. ಗುರುವು ಶಿಷ್ಯನ ಮೇಲೆ ಸರ್ಕಾರದ ಪರವಾಗಿ ಕಣ್ಣಿಡುವ ಪದ್ಧತಿ ನೂರು ವರ್ಷಗಳ ಹಿಂದೆಯೇ ತೊಡಗಿತೆಂದಾಯಿತು.

ಇತ್ತ ಮೊದಲನೆಯ ಮಹಾಯುದ್ಧ ಜಗತ್ತಿನ ಎಲ್ಲ ಗಡಿಗಳಲ್ಲೂ ರಹದಾರಿ ಕೇಳುವ ಅಭ್ಯಾಸವನ್ನು ಬಿಟ್ಟುಹೋಯಿತು. ‘ರಹದಾರಿ’ ಪಾರಸಿಯಿಂದ ಬಂದು ಕನ್ನಡವೇ ಆಗಿಹೋದ ಮಾತು. ‘ಪಾಸ್‌ಪೋರ್ಟ್’ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಪದ ನಮ್ಮಲ್ಲಿಲ್ಲ. 1920ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಸಂಘವು ಸೇರಿಸಿದ ಸಮ್ಮೇಳನ ರಹದಾರಿಗೆ ಒಂದು ಪುಸ್ತಿಕೆಯ ರೂಪ ಕೊಟ್ಟಿತು. ಅದೇ ವರ್ಷ ಭಾರತದಲ್ಲಿಯೂ ಅದಕ್ಕೊಂದು ಕಾನೂನು ಬಂದಿತು. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ರಹದಾರಿಯನ್ನು ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿಯಾಗಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೇ ಎಂದು ತೀರ್ಪಿತ್ತರು. ಆ ವರ್ಷವೇ ನಮ್ಮ ಇಂದಿನ ಪಾಸ್‌ಪೋರ್ಟ್ ಕಾನೂನು ಬಂದದ್ದು. ಹೊರಗೆ ಹೋಗುವುದು ಹಕ್ಕಾಯಿತು. ಒಳಗೆ ಬಿಡುವುದು ಮಾತ್ರ ಆಚೆಯ ದೇಶದ ಇಚ್ಛೆಯಾಗಿಯೇ ಉಳಿಯಿತು.

ಆ ಇಚ್ಛೆಯನ್ನು ಅಕ್ಷರಕ್ಕಿಳಿಸಿದ್ದು ಅಮೆರಿಕದ 1952ರ ವಲಸೆ ಕಾನೂನು. ವಿದ್ಯಾರ್ಥಿ ವೀಸಾಕ್ಕೆ ‘ಎಫ್’ ಎಂಬ ಅಕ್ಷರ ಅಂಟಿದ್ದು ಅಲ್ಲಿಂದ. ಆ ಕಾನೂನಿನ ಪ್ರಕಾರ ವಿದ್ಯಾರ್ಥಿಗೆ ಸ್ವದೇಶದಲ್ಲಿ ಒಂದು ನೆಲೆ ಇರಬೇಕು, ಅದನ್ನು ತೊರೆಯುವ ಇರಾದೆ ಅವನಿಗೆ ಇರಬಾರದು. ಅದರ 214(ಬಿ) ಎಂಬ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಗಿಲಿಗೆ ಬಂದವನನ್ನು ನೆಲಸಲು ಬಂದವನೆಂದೇ ಮೊದಲು ಭಾವಿಸಬೇಕು, ಹಾಗಲ್ಲವೆಂದು ಸಾಧಿಸುವ ಹೊಣೆ ಬಂದವನದೇ ಎನ್ನುತ್ತದೆ. ವೀಸಾ ನಿರಾಕರಣೆಗಳಲ್ಲಿ ಅತಿ ಸಾಮಾನ್ಯವಾಗಿ ಕೇಳಿಬರುವ ಅಂಕಿ ಇದೇ.

ಕೇಳುಗರು ಇಲ್ಲಿ ತುಸು ನಿಲ್ಲಬೇಕು. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ತಾನು ಮುಂದೆ ಏನು ಮಾಡುವೆನೆಂಬುದನ್ನು ಎರಡು ಮೂರು ನಿಮಿಷಗಳ ಸಂದರ್ಶನದಲ್ಲಿ, ತನ್ನ ಭಾಷೆಯಲ್ಲದ ಭಾಷೆಯಲ್ಲಿ, ಗಾಜಿನ ಆಚೆ ನಿಂತ ಅಪರಿಚಿತ ಅಧಿಕಾರಿಗೆ ನಂಬಿಸಬೇಕು. ನಳಂದದ ದ್ವಾರಪಾಲ ಕೇಳಿದ್ದು ತಿಳಿವನ್ನು. ಈ ದ್ವಾರಪಾಲ ಕೇಳುವುದು ಮನಸ್ಸನ್ನು. ತಿಳಿವಿಗೆ ಪರೀಕ್ಷೆಯುಂಟು. ಮನಸ್ಸಿಗೆ ಸಾಕ್ಷಿ ಎಲ್ಲಿಂದ ತರುವುದು? ಆದ್ದರಿಂದ ಕಾಗದಗಳು ಸಾಕ್ಷಿಗೆ ನಿಲ್ಲುತ್ತವೆ. ಪಹಣಿ, ಬ್ಯಾಂಕಿನ ಲೆಕ್ಕಪತ್ರ, ಸಾಲ ಮಂಜೂರಾತಿಯ ಪತ್ರ, ತಂದೆಯ ಸಂಬಳದ ಚೀಟಿ, ಲೆಕ್ಕಪರಿಶೋಧಕರ ಪ್ರಮಾಣಪತ್ರ, ಇವೆಲ್ಲ ಕೂಡಿ ‘ಈ ಹುಡುಗನಿಗೆ ಬೇರುಗಳಿವೆ’ ಎಂದು ಹೇಳಬೇಕು.

ವಿಶ್ವವಿದ್ಯಾಲಯ ಕಳುಹಿಸುವ ‘ಐ-20’ ಎಂಬ ನಮೂನೆಯಲ್ಲಿ ಒಂದು ವರ್ಷದ ಅಂದಾಜು ಖರ್ಚು ನಮೂದಾಗಿರುತ್ತದೆ. ಅಷ್ಟಕ್ಕಾದರೂ ಹಣ ಕೈಯಲ್ಲಿದೆಯೆಂದು ತೋರಿಸಬೇಕು. ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಇದನ್ನೇ ಕೇಳುತ್ತವೆ. ಬ್ರಿಟನ್ನಿಗೆ ಹೋಗುವವರು ಬೋಧನಶುಲ್ಕವಲ್ಲದೆ ಒಂಬತ್ತು ತಿಂಗಳವರೆಗಿನ ಜೀವನವೆಚ್ಚವನ್ನು ಸತತವಾಗಿ 28 ದಿನ ಖಾತೆಯಲ್ಲಿ ಇಟ್ಟು ತೋರಿಸಬೇಕು. ಜರ್ಮನಿಯಲ್ಲಿ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬಂಧಿತ ಖಾತೆಯಲ್ಲಿ ಒಂದು ವರ್ಷದ ಹಣವಿಡುವುದು ರೂಢಿ. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೋಗಳಿಗೆ ಏರಿತು. ಕೆನಡಾ ಬಹುಕಾಲ ಕೇಳುತ್ತಿದ್ದುದು 10,000 ಡಾಲರು. 2024ರ ಜನವರಿಯಲ್ಲಿ ಅದನ್ನು 20,635ಕ್ಕೂ 2025ರ ಸೆಪ್ಟೆಂಬರಿನಲ್ಲಿ 22,895ಕ್ಕೂ ಏರಿಸಿತು. ಆಸ್ಟ್ರೇಲಿಯಾದ ಸಂಗತಿ ಭಾಷೆಯ ದೃಷ್ಟಿಯಿಂದ ಸ್ವಾರಸ್ಯಕರ. ಅದು ವಿದ್ಯಾರ್ಥಿಯನ್ನು ‘ನಿಜವಾದ ತಾತ್ಕಾಲಿಕ ಪ್ರವಾಸಿಯೇ ನೀನು?’ ಎಂದು ಕೇಳುತ್ತಿತ್ತು. 2024ರ ಮಾರ್ಚಿನಿಂದ ಆ ಪ್ರಶ್ನೆಯನ್ನು ಕೈಬಿಟ್ಟು ‘ನಿಜವಾದ ವಿದ್ಯಾರ್ಥಿಯೇ ನೀನು?’ ಎಂದು ಕೇಳತೊಡಗಿತು. ಎರಡನೆಯದು ನಳಂದದ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಎಂದು ನನ್ನ ಭಾವನೆ.

ಹಣ ತೋರಿಸುವ ಈ ನಿಯಮದಿಂದಲೇ ನಮ್ಮ ಊರುಗಳಲ್ಲಿ ಒಂದು ಹೊಸ ವ್ಯಾಪಾರ ಹುಟ್ಟಿಕೊಂಡಿದೆ. ನಾನು ಸೇವೆಯಲ್ಲಿದ್ದಾಗ ನನ್ನಲ್ಲಿ ಕನ್ನಡ ಓದಿದ ಹಳೆಯ ವಿದ್ಯಾರ್ಥಿಯೊಬ್ಬರು, ಮಲೆನಾಡಿನ ಕಡೆಯ ಸಣ್ಣ ಅಡಕೆ ಬೆಳೆಗಾರರು, ಕೆಲವು ವರ್ಷಗಳ ಹಿಂದೆ ಮಗಳೊಡನೆ ನಮ್ಮ ಮನೆಗೆ ಬಂದರು. ಹುಡುಗಿ ಇಂಜಿನಿಯರಿಂಗ್ ಮುಗಿಸಿದ್ದಳು, ಹೊರದೇಶದಲ್ಲಿ ಸೀಟು ಸಿಕ್ಕಿತ್ತು. ಮಧ್ಯವರ್ತಿಯೊಬ್ಬ ಅವರಿಗೆ ಹೇಳಿದ್ದನಂತೆ: ‘ಹಣವಿಲ್ಲದಿದ್ದರೆ ಚಿಂತೆ ಬೇಡ ಯಜಮಾನರೇ, ನಿಮ್ಮ ಖಾತೆಗೆ ನಾವೇ ಹಾಕುತ್ತೇವೆ. ಸಂದರ್ಶನ ಮುಗಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಬಡ್ಡಿ ಇಷ್ಟು.’ ಇದಕ್ಕೆ ‘ಶೋ ಮನಿ’ ಎಂದು ಹೆಸರು, ತೋರಿಕೆಯ ದುಡ್ಡು.

ತಂದೆ ಅರ್ಧ ಒಪ್ಪಿದ್ದರು. ಮಗಳು ಒಪ್ಪಿರಲಿಲ್ಲ. ‘ಸರ್, ಸಂದರ್ಶನದಲ್ಲಿ ಹಣ ತೋರಿಸಿಬಿಡಬಹುದು. ಆಮೇಲೆ ಎರಡನೆಯ ಸೆಮಿಸ್ಟರಿನ ಫೀಜು ಕಟ್ಟುವುದು ಯಾವ ಹಣದಿಂದ? ನೀವೇ ಅಪ್ಪನಿಗೆ ಹೇಳಿ’ ಎಂದಳು. ಅವಳ ತಂದೆ ತಲೆ ತಗ್ಗಿಸಿಕೊಂಡು, ‘ನಮ್ಮ ಕಾಲದಲ್ಲಿ ಹುಡುಗರು ಮೇಷ್ಟರ ಹತ್ತಿರ ಹೀಗೆ ಮಾತಾಡುತ್ತಿರಲಿಲ್ಲ’ ಎಂದರು. ‘ಮಾತಾಡಿದ್ದರೆ ಚೆನ್ನಾಗಿರುತ್ತಿತ್ತು ಕಣಯ್ಯ’ ಎಂದೆ. ಅವಳು ಪ್ರವೇಶವನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಂಡಳು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು, ತೋಟದ ಒಂದು ಭಾಗದ ಮೇಲೆ ಬ್ಯಾಂಕಿನಿಂದ ಶಿಕ್ಷಣಸಾಲ ಮಾಡಿಸಿದರು. ಮೊದಲ ಸಂದರ್ಶನದಲ್ಲಿ ವೀಸಾ ಸಿಗಲಿಲ್ಲ. ಕಾರಣವನ್ನು ವಿವರಿಸುವ ಪದ್ಧತಿ ಅಲ್ಲಿಲ್ಲ. ಅಚ್ಚಾದ ಒಂದು ಕಾಗದ ಕೈಗೆ ಬಂದಿತು. ಎರಡನೆಯ ಸಲ ಅದೇ ಕಾಗದಗಳು, ಅವೇ ಉತ್ತರಗಳು, ವೀಸಾ ಸಿಕ್ಕಿತು. ಆ ಎರಡು ಸಂದರ್ಶನಗಳ ನಡುವಿನ ಏಳು ವಾರಗಳಲ್ಲಿ ಅವಳ ತಾಯಿ ಯಾರ ಮನೆಯ ಮದುವೆಗೂ ಹೋಗಲಿಲ್ಲ. ‘ಯಾವಾಗ ಹೊರಡುವುದು?’ ಎಂದು ಕೇಳುವವರಿಗೆ ಏನು ಹೇಳಬೇಕೆಂದು ಆಕೆಗೆ ತಿಳಿಯದು. ವಲಸೆ ಕಾನೂನಿನ ಪುಸ್ತಕಗಳಲ್ಲಿ ಈ ಏಳು ವಾರಗಳಿಗೆ ಕಲಮು ಇಲ್ಲ.

ಇಂಥ ಮಧ್ಯವರ್ತಿಗಳ ಮಾತು ಕೇಳಿ ಹೋದವರಿಗೆ ಏನಾಯಿತೆಂಬುದಕ್ಕೆ ಬಹಿರಂಗ ದಾಖಲೆಗಳಿವೆ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ವಿಶ್ವವಿದ್ಯಾಲಯದ ಮೇಲೆ ಅಲ್ಲಿನ ಅಧಿಕಾರಿಗಳು ದಾಳಿ ನಡೆಸಿದರು. ಅದು ವೀಸಾ ಮಾರುವ ಅಂಗಡಿಯಾಗಿತ್ತು. ಅದರ ಸ್ಥಾಪಕಿಗೆ ಮುಂದೆ 2014ರಲ್ಲಿ ಹದಿನಾರು ವರ್ಷಗಳ ಸೆರೆವಾಸವಾಯಿತು. ಆದರೆ ಅಲ್ಲಿ ಓದುತ್ತಿದ್ದವರಲ್ಲಿ ಬಹುಪಾಲು ಭಾರತೀಯರು. ಅವರಲ್ಲಿ ಕೆಲವರ ಕಾಲಿಗೆ, ಎಲ್ಲಿದ್ದಾರೆಂದು ತಿಳಿಸುವ ರೇಡಿಯೋ ಪಟ್ಟಿಗಳನ್ನು ಕಟ್ಟಿದರು. 2019ರಲ್ಲಿ ಮಿಷಿಗನ್ನಿನ ಫಾರ್ಮಿಂಗ್ಟನ್ ಪ್ರಕರಣ ಇದಕ್ಕಿಂತ ವಿಚಿತ್ರ. ಆ ವಿಶ್ವವಿದ್ಯಾಲಯವನ್ನು ಸರ್ಕಾರದ ಅಧಿಕಾರಿಗಳೇ ಬಲೆಯಾಗಿ ಹೂಡಿದ್ದರು. ಅಲ್ಲಿ ಅಧ್ಯಾಪಕರೂ ಇರಲಿಲ್ಲ, ತರಗತಿಯೂ ಇರಲಿಲ್ಲ. ಸಿಕ್ಕಿಬಿದ್ದವರಲ್ಲಿಯೂ ಹೆಚ್ಚಿನವರು ನಮ್ಮವರೇ. ಕೆನಡಾದಲ್ಲಿ 2023ರಲ್ಲಿ, ಖೋಟಾ ಪ್ರವೇಶಪತ್ರಗಳ ಮೇಲೆ ಬಂದಿದ್ದ ಪಂಜಾಬಿನ ವಿದ್ಯಾರ್ಥಿಗಳು ಗಡೀಪಾರಿನ ಭಯದಲ್ಲಿ ಬೀದಿಗೆ ಬಂದರು. ಅವರಲ್ಲಿ ಹಲವರಿಗೆ ತಮ್ಮ ಪತ್ರ ಖೋಟಾ ಎಂಬುದು ಅಲ್ಲಿಗೆ ಹೋಗಿ ವರ್ಷಗಳಾದ ಮೇಲೆ ತಿಳಿದದ್ದು. ಆ ವರ್ಷದ ಡಿಸೆಂಬರಿನಿಂದ ಕೆನಡಾ ಪ್ರತಿಯೊಂದು ಪ್ರವೇಶಪತ್ರವನ್ನೂ ಆಯಾ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳತೊಡಗಿತು. ತಂದೆತಾಯಿಗಳು ಇದರಿಂದ ಕಲಿಯಬೇಕಾದ್ದು ಸರಳವಾದದ್ದು. ಪ್ರವೇಶಪತ್ರ ಮಧ್ಯವರ್ತಿಯ ಕೈಯಿಂದ ಬಂದರೆ ಸಾಲದು. ಮಗ ಅಥವಾ ಮಗಳು ತಾನೇ ಆ ವಿಶ್ವವಿದ್ಯಾಲಯಕ್ಕೆ ಬರೆದು ಉತ್ತರ ತರಿಸಬೇಕು. ಆ ಸಂಸ್ಥೆ ಸರ್ಕಾರದ ಒಪ್ಪಿತ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ತರಗತಿಗೆ ಬರುವುದೇ ಬೇಡ ಎನ್ನುವ ವಿಶ್ವವಿದ್ಯಾಲಯವಿದ್ದರೆ ಅದು ವಿಶ್ವವಿದ್ಯಾಲಯವಲ್ಲ.

ವೀಸಾ ಸಿಕ್ಕಿ ವಿಮಾನ ಹತ್ತಿದ ಮೇಲೆ ಎಲ್ಲ ಮುಗಿಯಿತೆಂದು ನಾವು ಭಾವಿಸುತ್ತೇವೆ. ವೀಸಾ ಎಂಬುದು ಹೊಸ್ತಿಲು ದಾಟಲು ಬೇಕಾದ ಅಪ್ಪಣೆ. ಮನೆಯೊಳಗೆ ಇರುವುದಕ್ಕೆ ಬೇಕಾದದ್ದನ್ನು ಅಲ್ಲಿನವರು ‘ಸ್ಟೇಟಸ್’ ಎನ್ನುತ್ತಾರೆ. ಅಮೆರಿಕದೊಳಗೆ ಇರುವಾಗ ವೀಸಾದ ಅವಧಿ ಮುಗಿದರೂ ಚಿಂತೆಯಿಲ್ಲ, ಸ್ಟೇಟಸ್ ಕೆಡಬಾರದು. ಅದನ್ನು ಕಾಪಾಡಿಕೊಳ್ಳುವ ನಿಯಮಗಳು ಹಲವು. ಪದವಿ ತರಗತಿಯವನು ಪ್ರತಿ ಸೆಮಿಸ್ಟರಿನಲ್ಲೂ ಕನಿಷ್ಠ ಹನ್ನೆರಡು ಕ್ರೆಡಿಟ್ಟುಗಳಷ್ಟು ಓದಬೇಕು. ವಿಷಯವೊಂದು ಕಷ್ಟವಾಯಿತೆಂದು ಅದನ್ನು ಕೈಬಿಡುವ ಮುನ್ನ ಸಂಸ್ಥೆಯ ನಿಯುಕ್ತ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಮನೆ ಬದಲಾದರೆ ಹತ್ತು ದಿನಗಳೊಳಗೆ ತಿಳಿಸಬೇಕು. ಪಾಠಗಳು ನಡೆಯುವ ಕಾಲದಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯಕೂಡದು, ಅದೂ ವಿಶ್ವವಿದ್ಯಾಲಯದ ಆವರಣದೊಳಗೆ. ಹೊರಗಿನ ಅಂಗಡಿಯಲ್ಲಿ ಎರಡು ದಿನ ಗುಟ್ಟಾಗಿ ದುಡಿದದ್ದು ಎರಡು ವರ್ಷದ ಓದನ್ನು ನುಂಗಬಹುದು. ಇವೆಲ್ಲವನ್ನೂ ಬರೆದಿಡುವ ‘ಸೇವಿಸ್’ ಎಂಬ ಗಣಕವ್ಯವಸ್ಥೆ 2003ರಲ್ಲಿ ಜಾರಿಗೆ ಬಂದಿತು. 1993ರಲ್ಲಿ ನ್ಯೂಯಾರ್ಕಿನ ವಿಶ್ವವ್ಯಾಪಾರ ಕೇಂದ್ರದಲ್ಲಿ ಬಾಂಬಿಟ್ಟವರಲ್ಲೊಬ್ಬ ವಿದ್ಯಾರ್ಥಿ ವೀಸಾದ ಮೇಲೆ ಬಂದವನಾಗಿದ್ದುದರಿಂದ 1996ರಲ್ಲಿ ಇಂಥ ವ್ಯವಸ್ಥೆಗೆ ಕಾನೂನಾಯಿತು. 2001ರ ದುರಂತದ ಬಳಿಕ ಅದು ಅವಸರದಿಂದ ಕಾರ್ಯರೂಪಕ್ಕೆ ಬಂತು. ಒಬ್ಬನ ಪಾಪಕ್ಕೆ ಅವನ ನಾಡಿನ ವಿದ್ಯಾರ್ಥಿಯನ್ನು ಹಿಡಿಯಬಾರದೆಂದು ಬಾರ್ಬರೋಸಾ ಹೇಳಿದ್ದ ಮಾತು ಇಲ್ಲಿ ನೆನಪಾಗದಿರದು.

ನಿಯಮಗಳನ್ನೆಲ್ಲ ಪಾಲಿಸಿದವನಿಗೂ ನೆಲ ಅದುರುವುದುಂಟು. 2020ರ ಜುಲೈ ತಿಂಗಳಿನಲ್ಲಿ, ಸಾಂಕ್ರಾಮಿಕದಿಂದಾಗಿ ಪಾಠಗಳೆಲ್ಲ ಗಣಕದ ಪರದೆಗೆ ಸರಿದಿದ್ದಾಗ, ಅಂಥ ಪಾಠಗಳನ್ನಷ್ಟೇ ಕೇಳುವ ವಿದೇಶೀ ವಿದ್ಯಾರ್ಥಿಗಳು ದೇಶ ಬಿಡಬೇಕೆಂಬ ಸೂಚನೆ ಅಮೆರಿಕದಲ್ಲಿ ಹೊರಟಿತು. ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ಒಂದು ವಾರದಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. 2025ರ ವಸಂತದಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೇವಿಸ್ ದಾಖಲೆಗಳು ಇದ್ದಕ್ಕಿದ್ದಂತೆ ರದ್ದಾದವು. ಮೊಕದ್ದಮೆಗಳ ಸುರಿಮಳೆಯಾದ ಮೇಲೆ ಏಪ್ರಿಲ್ ಕೊನೆಯಲ್ಲಿ ಅವುಗಳನ್ನು ಮರಳಿ ಸ್ಥಾಪಿಸತೊಡಗಿದರು. ಆ ವರ್ಷದ ಜೂನ್ ತಿಂಗಳಿನಲ್ಲಿ, ವಿದ್ಯಾರ್ಥಿ ವೀಸಾ ಕೋರುವವರು ಸಾಮಾಜಿಕ ಜಾಲತಾಣಗಳಲ್ಲಿ ತಾವು ಬರೆದುದನ್ನೆಲ್ಲ ಅಧಿಕಾರಿಗಳ ನೋಟಕ್ಕೆ ತೆರೆದಿಡಬೇಕೆಂಬ ನಿಯಮ ಬಂದಿತು. ‘ನೋಡಲಾದದ್ದು’ ಎಂಬ ವೀಸಾದ ಮೂಲಾರ್ಥ ಹೀಗೆ ಕಾಗದದಿಂದ ಮನುಷ್ಯನ ಮಾತುಕತೆಯವರೆಗೂ ಚಾಚಿಕೊಂಡಿತು.

ಇಷ್ಟಾದರೂ, ತನ್ನ ಮನೆಗೆ ಯಾರು ಬರುತ್ತಾರೆಂದು ವಿಚಾರಿಸುವ ಅಧಿಕಾರ ಯಾವ ದೇಶಕ್ಕೂ ಇಲ್ಲವೆಂದು ನಾನು ವಾದಿಸಲಾರೆ. ನಮ್ಮ ದೇಶವೂ ವಿಚಾರಿಸುತ್ತದೆ. ನನ್ನನ್ನು ಕಾಡುವುದು ಆ ಬಾಗಿಲಿನ ಮುಖ್ಯ ಪ್ರಶ್ನೆ: ‘ಮರಳಿ ಹೋಗುವೆಯಾ?’ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಕೇಳಬೇಕಾದವರು ನಾವು.

1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ತರುಣನೊಬ್ಬನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವೆನೆಂದು ಆ ತರುಣ ಮುಚ್ಚಳಿಕೆ ಬರೆದುಕೊಟ್ಟಿದ್ದ. ಅವರು ಡಾಕ್ಟರ್ ಅಂಬೇಡ್ಕರ್. ಕೊಲಂಬಿಯಾದಲ್ಲಿ ಓದಿ, ಲಂಡನ್ನಿನಲ್ಲಿ ಓದು ಅರ್ಧಕ್ಕೆ ನಿಂತಿದ್ದಾಗ, ಕೊಟ್ಟ ಮಾತಿನಂತೆ 1917ರಲ್ಲಿ ಅವರು ಬರೋಡೆಗೆ ಬಂದರು. ಬಂದವರಿಗೆ ಊರಿನಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಅಡಗಿ ಉಳಿದುಕೊಂಡರು. ಹನ್ನೊಂದನೆಯ ದಿನ ಕೋಲು ಹಿಡಿದ ಹನ್ನೆರಡು ಮಂದಿ ಬಂದು ಅವರನ್ನು ಹೊರಗೆ ಹಾಕಿದರು. ಮುಂದೆ ಅವರು ಈ ಅನುಭವವನ್ನೂ ಇಂಥ ಇತರ ಅನುಭವಗಳನ್ನೂ ಬರೆದಿಟ್ಟರು. ಆ ಕಿರುಬರಹದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’, ವೀಸಾದ ನಿರೀಕ್ಷೆಯಲ್ಲಿ. ಅದರಲ್ಲಿ ಯಾವ ಹೊರದೇಶದ ದೂತಾವಾಸದ ಪ್ರಸ್ತಾಪವೂ ಇಲ್ಲ. ತನ್ನ ದೇಶದಲ್ಲಿಯೇ ಪ್ರವೇಶಕ್ಕೆ ಅಪ್ಪಣೆ ದೊರೆಯದವನ ಕಥೆ ಅದು. ಕೊಲಂಬಿಯಾ ಅವರನ್ನು ವಿದ್ಯಾರ್ಥಿಯಾಗಿ ಒಳಗೆ ಬಿಟ್ಟಿತು. ಬರೋಡೆ ಅವರನ್ನು, ಮರಳಿ ಬಾ ಎಂದು ಬರೆಸಿಕೊಂಡ ಮೇಲೂ, ಪರದೇಶಿಯನ್ನಾಗಿ ಮಾಡಿತು.

ಮರಳುವ ಮಾತನ್ನು ಉಳಿಸಿಕೊಂಡವರ ಸಾಲು ನಮ್ಮಲ್ಲಿ ಚಿಕ್ಕದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟು ಪಡೆದು ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂಕ್ಷ್ಮತರಂಗಗಳ ಸಂಶೋಧನೆಯನ್ನು ಬೆಳೆಸಿದರು. ಡಾಕ್ಟರ್ ಎಚ್. ನರಸಿಂಹಯ್ಯನವರು ಒಹಾಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟು ಮುಗಿಸಿ 1960ರ ಹೊತ್ತಿಗೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಮರಳಿದರು. ಅದೇ ಖಾದಿ, ಅದೇ ಹಾಸ್ಟೆಲ್ ಕೋಣೆ. ಅವರಿಗಾಗಿ ಇಲ್ಲಿ ಕೆಲಸ ಕಾದಿತ್ತು, ಕೆಲಸಕ್ಕೆ ಗೌರವ ಕಾದಿತ್ತು.

ಮರಳದವರ ಕಥೆಯೂ ಒಂದೇ ಬಗೆಯದಲ್ಲ. ಪಂಜಾಬಿನ ದಲೀಪ್ ಸಿಂಗ್ ಸೌಂದ್ 1920ರಲ್ಲಿ ಬರ್ಕ್ಲಿಗೆ ಓದಲು ಹೋದವರು. 1924ರಲ್ಲಿ ಗಣಿತದಲ್ಲಿ ಡಾಕ್ಟರೇಟು ಪಡೆದರೂ, ಭಾರತೀಯರು ಅಮೆರಿಕದ ಪೌರರಾಗಲಾರರು ಎಂಬ 1923ರ ತೀರ್ಪಿನ ನೆರಳಿನಲ್ಲಿ ಬಾಳಿ, ಹೊಲ ಉತ್ತು, ಆ ನಿರ್ಬಂಧ 1946ರಲ್ಲಿ ತೊಲಗುವಂತೆ ಹೋರಾಡಿದರು. 1956ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೇ ಆಯ್ಕೆಯಾದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾಕ್ಕೆ ಓದಲು ಹೋಗಿ ಶಿಕಾಗೋದಲ್ಲಿ ನೆಲಸಿದರು. ಅಲ್ಲಿ ಕುಳಿತೇ ನಮ್ಮ ವಚನಗಳನ್ನು 1973ರಲ್ಲಿ ಲೋಕದ ಮುಂದಿಟ್ಟರು, ಕನ್ನಡದಲ್ಲಿ ಕವಿತೆ ಬರೆದರು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಬರೆದ ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದವರೂ ಅವರೇ. ರಾಮಾನುಜನ್ನರು ಮರಳಿದರೋ ಇಲ್ಲವೋ ಎಂದು ಯಾವ ಅಧಿಕಾರಿ ಹೇಳಬಲ್ಲ? ಕಾಲು ಮರಳುವುದನ್ನು ರಹದಾರಿಯ ಮುದ್ರೆ ಹೇಳುತ್ತದೆ. ಮನಸ್ಸು ಮರಳುವುದಕ್ಕೆ ಮುದ್ರೆಯಿಲ್ಲ.

ಆದ್ದರಿಂದ ಹೊರಡುವ ಮಕ್ಕಳಿಗೆ ನಾನು ಹೇಳುವುದಿಷ್ಟು. ಬಾಗಿಲಿನಲ್ಲಿ ಇದ್ದುದನ್ನು ಇದ್ದಂತೆ ಹೇಳಿ. ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ಏನು ಓದುವಿರಿ, ಏಕೆ ಅಲ್ಲಿಯೇ ಓದುವಿರಿ, ಹಣ ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ನಿಮ್ಮೊಳಗೆ ನಿಜವಾದ ಉತ್ತರವಿದ್ದರೆ ಮಾತು ತಾನೇ ಬರುತ್ತದೆ. ವೀಸಾ ನಿರಾಕರಣೆಯನ್ನು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿಯಬೇಡಿ. ಅಲ್ಲಿ ಹೋದ ಮೇಲೆ ಸಂದೇಹ ಬಂದರೆ ಗೆಳೆಯರ ಮಾತಿಗಿಂತ ಮೊದಲು ಸಂಸ್ಥೆಯ ನಿಯುಕ್ತ ಅಧಿಕಾರಿಯನ್ನು ಕೇಳಿ. ತಂದೆತಾಯಿಗಳಿಗೆ ಒಂದು ಮಾತು: ತೋಟ ಅಡವಿಡುವ ಮೊದಲು ಮಕ್ಕಳೊಡನೆ ಕುಳಿತು ಲೆಕ್ಕ ಹಾಕಿ, ಸಾಲದ ಭಾರ ಹೊತ್ತ ಮಗ ಅಲ್ಲಿ ಅಡ್ಡದಾರಿಯ ಕೆಲಸಕ್ಕೆ ಇಳಿಯದಂತೆ ನೋಡಿಕೊಳ್ಳುವುದು ಇಲ್ಲಿಂದಲೇ ತೊಡಗಬೇಕು.

ಉಳಿದವರಾದ ನಮಗೂ ಒಂದು ಸಂದರ್ಶನವಿದೆ. ಮರಳಿ ಬಂದ ಹುಡುಗಿಗೆ ನಮ್ಮ ಪಟ್ಟಣದಲ್ಲಿ ಕೆಲಸವಿದೆಯೇ, ಪ್ರಯೋಗಾಲಯವಿದೆಯೇ, ಜಾತಿ ಕೇಳದೆ ಬಾಡಿಗೆಗೆ ಕೊಡುವ ಮನೆಯಿದೆಯೇ? ‘ಈ ದೇಶದಲ್ಲಿ ನನಗೆ ಬೇರುಗಳಿವೆ’ ಎಂದು ನಮ್ಮ ಮಕ್ಕಳು ಪರದೇಶದ ಅಧಿಕಾರಿಯ ಮುಂದೆ ನಿಂತು ಹೇಳುವಾಗ ಅವರ ಮಾತಿಗೆ ಸಾಕ್ಷಿಯಾಗಬೇಕಾದವರು ನಾವು. ಪಹಣಿಯೊಂದೇ ಆ ಸಾಕ್ಷ್ಯವನ್ನು ನುಡಿಯಲಾರದು.